ಹುಲ್ಲು ಸಾಯದ ಹಾಗೆ ಅಗೆಯುವುದು

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಹುಲ್ಲುಗಾವಲುಗಳಲ್ಲಿ ಹಳೆಯ ನಾಣ್ಯ, ಅಂಗಿಯ ಗುಂಡಿ, ಬಕಲ್, ಉಂಗುರಗಳನ್ನು ಹುಡುಕುವುದು ಬ್ರಿಟನ್ನಿನಲ್ಲಿ ದಶಕಗಳಿಂದ ಬೇರೂರಿದ ಹವ್ಯಾಸ. ಹೊಸಬರು ಮೊದಲು ಕೇಳುವುದು ಯಾವ ಯಂತ್ರ ಒಳ್ಳೆಯದು, ಅದು ಎಷ್ಟು ಆಳದವರೆಗೆ ಪತ್ತೆ ಮಾಡುತ್ತದೆ ಎಂದು. ಸ್ವಲ್ಪ ಅನುಭವವಾದ ಮೇಲೆ ಪ್ರಶ್ನೆ ಬದಲಾಗುತ್ತದೆ: ಹುಲ್ಲು ಹಾಳಾಗದ ಹಾಗೆ ಅಗೆಯುವುದು ಹೇಗೆ? ಉತ್ತರದ ಒಂದು ಪಾಲು ಕೈಚಳಕದಲ್ಲಿದೆ, ದೊಡ್ಡ ಪಾಲು ಋತುವಿನಲ್ಲಿದೆ. ಅಕ್ಟೋಬರಿನ ತೇವದಲ್ಲಿ ಜಾಗ್ರತೆಯಿಂದ ತೆಗೆದು ಮುಚ್ಚಿದ ಗುಂಡಿ ಕೆಲವೇ ವಾರಗಳಲ್ಲಿ ಗುರುತು ಸಿಗದಂತೆ ಮಾಯುತ್ತದೆ. ಅದೇ ಕೈ, ಅದೇ ಸನಿಕೆ ಜುಲೈನ ಬಿಸಿಲಿನಲ್ಲಿ ತೆಗೆದ ಗುಂಡಿ ಮಳೆ ಬರುವವರೆಗೂ ಕಂದು ಮಚ್ಚೆಯಾಗಿ ಉಳಿಯುತ್ತದೆ. ಮಣ್ಣಿನೊಳಗೆ ಶತಮಾನಗಳನ್ನು ಕಳೆದ ನಾಣ್ಯ ಇನ್ನು ಮೂರು ತಿಂಗಳು ಕಾಯಬಲ್ಲದು. ಬೇರು ಕತ್ತರಿಸಿದ ಹುಲ್ಲು ಬಿಸಿಲಿನಲ್ಲಿ ಒಂದು ವಾರವೂ ಕಾಯಲಾರದು. ಈ ಹವ್ಯಾಸದ ಶಿಸ್ತೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಹುಡುಕಾಟ ಕಾನೂನುಬದ್ಧ, ಆದರೆ ಎಲ್ಲೆಂದರಲ್ಲಿ ಅಲ್ಲ. ಪ್ರತಿಯೊಂದು ತುಂಡು ನೆಲಕ್ಕೂ ಒಡೆಯನ ಅನುಮತಿ ಬೇಕು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವುದು 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಕನಿಷ್ಠ ಶೇ 10ರಷ್ಟು ಚಿನ್ನ ಅಥವಾ ಬೆಳ್ಳಿ ಇರುವ ಒಡವೆ, ವಸ್ತು ಸಿಕ್ಕರೆ 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಒಂಟಿ ನಾಣ್ಯಕ್ಕೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ; ಒಂದೇ ಕಡೆ ಕೂಡಿಟ್ಟ ನಾಣ್ಯಗಳಿಗೆ ಅನ್ವಯಿಸುತ್ತದೆ. ನಿಧಿ ಎನಿಸದ ಸಾಮಾನ್ಯ ವಸ್ತುಗಳನ್ನೂ ದಾಖಲಿಸಲು 1997ರಿಂದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ ಇದೆ. ಅದರ ದತ್ತಾಂಶದಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಸೇರಿವೆ. ಅಷ್ಟೂ ವಸ್ತುಗಳ ಹಿಂದೆ ಒಬ್ಬೊಬ್ಬ ಜಮೀನುದಾರನ ಒಪ್ಪಿಗೆ ಇರಬೇಕಾಗುತ್ತದೆ. ಆ ಒಪ್ಪಿಗೆ ಮುಂದಿನ ವರ್ಷವೂ ಸಿಗುವುದು ಹಿಂದಿನ ವರ್ಷ ಹುಲ್ಲನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋದರು ಎಂಬುದರ ಮೇಲೆ.

ಗುಂಡಿಗಳು ಯಾಕೆ ಇಷ್ಟು ಬೀಳುತ್ತವೆ ಎಂಬುದಕ್ಕೆ ಯಂತ್ರದ ಸ್ವಭಾವವೇ ಕಾರಣ. ಡಿಟೆಕ್ಟರ್‌ನ ತಳದಲ್ಲಿರುವ ತಾಮ್ರದ ಸುರುಳಿಯಲ್ಲಿ ದಿಕ್ಕು ಬದಲಾಯಿಸುತ್ತಲೇ ಇರುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ನೆಲದೊಳಗೆ ಇಳಿದು ಲೋಹವನ್ನು ಮುಟ್ಟಿದಾಗ ಆ ಲೋಹದಲ್ಲಿ ಸುಳಿ ಪ್ರವಾಹಗಳು ಹುಟ್ಟುತ್ತವೆ. ಆ ಪ್ರವಾಹಗಳ ಪುಟ್ಟ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ, ಕಿವಿಯಲ್ಲಿ ಸದ್ದು ಕೇಳುತ್ತದೆ. ಸಾಮಾನ್ಯ ಯಂತ್ರಕ್ಕೆ ನಾಣ್ಯದಷ್ಟು ಚಿಕ್ಕ ವಸ್ತು ಸುಮಾರು 15ರಿಂದ 20 ಸೆಂಟಿಮೀಟರ್ ಆಳದವರೆಗೆ ಕೇಳಿಸುತ್ತದೆ. ಯಂತ್ರ ಅಳೆಯುವುದು ವಸ್ತುವಿನ ವಾಹಕತೆ ಮತ್ತು ಗಾತ್ರವನ್ನು, ಬೆಲೆಯನ್ನಲ್ಲ. ತೆಳು ಚಿನ್ನದ ಉಂಗುರ, ಅಲ್ಯೂಮಿನಿಯಂ ಹಾಳೆಯ ಚೂರು, ತಂಪು ಪಾನೀಯದ ಡಬ್ಬಿಯ ಮುಚ್ಚಳದ ಕೊಂಡಿ ಇವು ಬಹುತೇಕ ಒಂದೇ ರೀತಿ ಸದ್ದು ಮಾಡುತ್ತವೆ. ಹೀಗಾಗಿ ತೆಗೆದ ಗುಂಡಿಗಳಲ್ಲಿ ಹೆಚ್ಚಿನವುಗಳಲ್ಲಿ ಸಿಗುವುದು ಕಸವೇ. ಒಂದು ಒಳ್ಳೆಯ ವಸ್ತುವಿಗಾಗಿ ನೆಲ ಹಲವು ಗಾಯಗಳನ್ನು ತಾಳಿಕೊಳ್ಳಬೇಕು ಎಂದಾದರೆ, ಪ್ರತಿ ಗಾಯವೂ ಮಾಯುವಂಥದ್ದಾಗಿರಬೇಕು.

ವಸ್ತುಗಳು ಆಳಕ್ಕೆ ಇಳಿಯುವುದು ಹೇಗೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಅಳೆದು ತೋರಿಸಿದ್ದ. ತನ್ನ ಮನೆಯ ಹತ್ತಿರದ ಹುಲ್ಲುಗಾವಲಿನಲ್ಲಿ 1842ರಲ್ಲಿ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿ, 29 ವರ್ಷಗಳ ನಂತರ, 1871ರಲ್ಲಿ ಅಲ್ಲಿ ಕಂದಕ ತೋಡಿಸಿದ. ಚೂರುಗಳು ಸುಮಾರು 7 ಇಂಚು, ಅಂದರೆ 18 ಸೆಂಟಿಮೀಟರ್ ಕೆಳಗೆ ಸಾಲಾಗಿ ಕಂಡವು. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆಯಾಗಿ ಹಾಕುತ್ತಾ ಹೋದಂತೆ ಮೇಲಿದ್ದ ವಸ್ತು ತಾನಾಗಿ ಕೆಳಗಾಗುತ್ತದೆ. 1881ರಲ್ಲಿ ಎರೆಹುಳುಗಳ ಕುರಿತೇ ಆತ ಬರೆದ ಪುಸ್ತಕದಲ್ಲಿ ಈ ವಿವರ ಇದೆ. ಎರೆಹುಳು ಓಡಾಡುವ ಪದರದ ತಳ ತಲುಪಿದ ಮೇಲೆ ಇಳಿತ ನಿಧಾನವಾಗುತ್ತದೆ. ಹಳೆಯ ಹುಲ್ಲುಗಾವಲಿನಲ್ಲಿ ಇತ್ತೀಚಿನ ಕಸ ಮೇಲೆಯೂ ಪುರಾತನ ವಸ್ತು ಯಂತ್ರದ ಶ್ರವಣದ ಅಂಚಿನಲ್ಲೂ ಇರುವುದು ಇದೇ ಕಾರಣಕ್ಕೆ. ಆಳದ ವಸ್ತುವಿಗೆ ಕೈಹಾಕುವುದೆಂದರೆ ಹುಲ್ಲಿನ ಬೇರಿನ ಪದರವನ್ನು ಪೂರ್ತಿ ದಾಟಿ ಹೋಗುವುದು ಎಂದರ್ಥ.

ಹಾಗಾದರೆ ಆ ಪದರದಲ್ಲಿ ಏನಿದೆ? ಹುಲ್ಲಿನ ಬೆಳೆಯುವ ತುದಿ ಎಲೆಯ ಮೇಲ್ತುದಿಯಲ್ಲಿಲ್ಲ; ನೆಲಕ್ಕೆ ತಾಗಿಕೊಂಡಿರುವ ಬುಡದಲ್ಲಿದೆ. ಅದರಿಂದಲೇ ದನ ಮೇಯ್ದರೂ ಕತ್ತರಿಸಿದರೂ ಹುಲ್ಲು ಮತ್ತೆ ಬರುತ್ತದೆ. ಬುಡ ಉಳಿದು, ಬೇರಿಗೆ ತೇವ ಸಿಕ್ಕರೆ ಸಾಕು. ಬೇರಿನ ಬಹುಪಾಲು ಮೇಲಿನ 10–15 ಸೆಂಟಿಮೀಟರ್ ಮಣ್ಣಿನಲ್ಲೇ ಹರಡಿರುತ್ತದೆ. ಸನಿಕೆ ಅಡ್ಡಲಾಗಿ ಹೋದರೆ ಎಲೆಗಳಿಗೆ ನೀರು ಕಳಿಸುವ ಈ ಜಾಲ ತುಂಡಾಗುತ್ತದೆ. ಎಲೆ ಬಿಸಿಲಿಗೆ ನೀರು ಬಿಡುತ್ತಲೇ ಇರುತ್ತದೆ, ತುಂಡಾದ ಬೇರು ಅಷ್ಟು ನೀರನ್ನು ಎತ್ತಲಾರದು. ಸಸಿಯನ್ನು ಮಡಿಯಿಂದ ಕಿತ್ತು ಬೇರೆಡೆ ನೆಡುವ ರೈತ ಬೇರಿನ ಸುತ್ತ ಮಣ್ಣು ಉಳಿಸಿಕೊಂಡು, ಮೋಡ ಕವಿದ ಹೊತ್ತು ನೋಡಿ ನೆಡುವುದಕ್ಕೂ, ಡಿಟೆಕ್ಟರ್ ಹಿಡಿದವರು ಹುಲ್ಲಿನ ಹೆಂಟೆಯನ್ನು ದಪ್ಪವಾಗಿ ಎತ್ತಿ, ತಂಪಿನ ದಿನ ನೋಡಿ ಮತ್ತೆ ಕೂರಿಸುವುದಕ್ಕೂ ಕಾರಣ ಒಂದೇ.

ಎಲ್ಲ ಹುಲ್ಲೂ ಒಂದೇ ರೀತಿ ಚೇತರಿಸಿಕೊಳ್ಳುವುದಿಲ್ಲ. ಬ್ರಿಟನ್ನಿನ ಬಿತ್ತಿದ ಹುಲ್ಲುಗಾವಲುಗಳಲ್ಲಿ ಹೆಚ್ಚಾಗಿ ಕಾಣುವ ರೈಗ್ರಾಸ್ ಗುಂಪು ಗುಂಪಾಗಿ, ಬುಡದಲ್ಲಿ ಮರಿ ಒಡೆಯುತ್ತಾ ಬೆಳೆಯುತ್ತದೆ. ಅದಕ್ಕೆ ನೆಲದಡಿ ಹರಿಯುವ ಕಾಂಡ ಇಲ್ಲ. ಹೀಗಾಗಿ ಒಂದು ಹೆಂಟೆ ಸತ್ತರೆ ಅಕ್ಕಪಕ್ಕದ ಹುಲ್ಲು ಆ ಬರಿದು ಜಾಗವನ್ನು ಬೇಗ ತುಂಬುವುದಿಲ್ಲ. ಬೀಜ ಬಿದ್ದು ಮೊಳೆಯುವವರೆಗೆ ಅಲ್ಲಿ ಕಳೆಗಿಡ ನೆಲೆಯೂರುತ್ತದೆ. ಹರಿದು ಬೆಳೆಯುವ ಕೆಂಪು ಫೆಸ್ಕ್ಯೂ, ಬೆಂಟ್ ಹುಲ್ಲು, ಬಿಳಿ ಕ್ಲೋವರ್ ಇರುವ ಕಡೆ ಗಾಯ ಅಂಚಿನಿಂದ ಮಾಯುತ್ತದೆ. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಈ ಜಾತಿಗಳ ಮಿಶ್ರಣ ಇರುತ್ತದೆ; ಆದರೆ ಅಲ್ಲಿ ಕಣ್ಣಿಗೆ ಕುಂದು ಬೇಗ ಕಾಣುತ್ತದೆ. ಮೇವಿನ ಗದ್ದೆಯಲ್ಲಿ ಸಹಿಸಬಹುದಾದ ಗುರುತು ಹುಲ್ಲುಹಾಸಿನಲ್ಲಿ ತಪ್ಪಾಗಿ ಎದ್ದು ಕಾಣುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ರೂಪಿಸಿದ ಜವಾಬ್ದಾರಿಯುತ ಶೋಧದ ಸಂಹಿತೆ ಒಂದು ಮುಖ್ಯ ಸಲಹೆ ಕೊಡುತ್ತದೆ: ಸಾಧ್ಯವಾದಷ್ಟೂ ಈಗಾಗಲೇ ಉತ್ತ ನೆಲದಲ್ಲೇ ಹುಡುಕಬೇಕು, ನೇಗಿಲು ಹೋದಷ್ಟು ಆಳಕ್ಕೆ ಮಾತ್ರ ಅಗೆಯಬೇಕು. ಇದರ ಹಿಂದೆ ಎರಡು ವಿಚಾರಗಳಿವೆ. ಉಳುವ ಹೊಲದಲ್ಲಿರುವ ವಸ್ತು ಪ್ರತಿವರ್ಷ ನೇಗಿಲಿಗೆ ಸಿಕ್ಕಿ ಬಾಗುತ್ತದೆ, ಒಡೆಯುತ್ತದೆ, ಗೊಬ್ಬರದ ಲವಣಕ್ಕೆ ಸವೆಯುತ್ತದೆ. ಅದನ್ನು ತೆಗೆಯುವುದು ಒಂದು ರೀತಿಯಲ್ಲಿ ಉಳಿಸುವುದೇ. 2009ರಲ್ಲಿ ಸ್ಟಾಫರ್ಡ್‌ಶೈರ್‌ನಲ್ಲಿ ಸಿಕ್ಕ ಸುಮಾರು 4 ಕಿಲೋ ಆಂಗ್ಲೋ-ಸ್ಯಾಕ್ಸನ್ ಚಿನ್ನ ಉತ್ತ ಹೊಲದ ಮೇಲ್ಮಣ್ಣಿನಲ್ಲೇ ಚೆಲ್ಲಾಡಿತ್ತು. ಎಂದೂ ಉಳದ ಹಳೆಯ ಹುಲ್ಲುಗಾವಲಿನ ಕಥೆ ಬೇರೆ. ಅಲ್ಲಿ ವಸ್ತು ಬಿದ್ದ ಜಾಗದಲ್ಲೇ, ತನ್ನ ಪದರದಲ್ಲೇ ಸುರಕ್ಷಿತವಾಗಿರುತ್ತದೆ. ಮಧ್ಯಯುಗದ ಉಳುಮೆಯ ದಿಣ್ಣೆ ತಗ್ಗುಗಳೂ ಕೆಲವೆಡೆ ಇನ್ನೂ ಹುಲ್ಲಿನಡಿ ಉಳಿದಿವೆ. ಅಲ್ಲಿ ತೆಗೆದ ಪ್ರತಿ ಗುಂಡಿ ಹುಲ್ಲನ್ನಷ್ಟೇ ಅಲ್ಲ, ಚರಿತ್ರೆಯ ಪದರವನ್ನೂ ಕದಡುತ್ತದೆ. ಆದ್ದರಿಂದ ಹುಲ್ಲು ನೆಲ ಕೊನೆಯ ಆಯ್ಕೆಯಾಗಿರಬೇಕು. ಅಲ್ಲಿ ಆತುರಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹುಲ್ಲಿಗೆ ಅತಿ ಅನುಕೂಲವಾದ ಕಾಲ ಶರತ್ಕಾಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮುಗಿಯುವ ತನಕ ಬೇಸಿಗೆಯ ಬಿಸಿ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಮಳೆ ಶುರುವಾಗಿರುತ್ತದೆ, ಬಿಸಿಲು ಮಾತ್ರ ಮೊಂಡಾಗಿರುತ್ತದೆ. ಎಲೆಯ ಬೆಳವಣಿಗೆ ತಗ್ಗಿ ಬೇರು ಹೊಸದಾಗಿ ಒಡೆಯುವ ಸಮಯ ಇದು. ಮತ್ತೆ ಕೂರಿಸಿದ ಹೆಂಟೆ ಚಳಿಗೆ ಮೊದಲೇ ಕೆಳಗಿನ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಸನಿಕೆ ಸಲೀಸಾಗಿ ಇಳಿಯುವಷ್ಟು ಮಣ್ಣು ಮೆತ್ತಗಿರುತ್ತದೆ, ಅಂಟುವಷ್ಟು ಒದ್ದೆಯಾಗಿರುವುದಿಲ್ಲ. ರೈತರು ಮಣ್ಣಿನ ಹದ ಎನ್ನುವುದು ಇದನ್ನೇ: ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ತೇವದ ಮಣ್ಣಿನಲ್ಲಿ ಆಳದ ನಾಣ್ಯಗಳು ಸ್ವಲ್ಪ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ಅನುಭವಿಗಳ ಮಾತು. ಹೀಗೆ ಹುಲ್ಲಿಗೂ ಹುಡುಕುವವರಿಗೂ ಒಂದೇ ಕಾಲ ಒಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಗೊಬ್ಬರ ಕಾಣದ ಹಳೆಯ ಹುಲ್ಲು ನೆಲಗಳಲ್ಲಿ ವ್ಯಾಕ್ಸ್‌ಕ್ಯಾಪ್ ಎಂಬ ಬಣ್ಣಬಣ್ಣದ ಅಣಬೆಗಳು ಏಳುವುದು ಈ ಕಾಲದಲ್ಲೇ. ಅವು ಇರುವ ಜಾಗ ಅಪರೂಪದ್ದು, ಅಲ್ಲಿ ಸನಿಕೆ ಇಳಿಸಬಾರದು.

ಚಳಿಗಾಲ ನೋಡಲು ಸುಲಭದ ಕಾಲ. ಹುಲ್ಲು ಗಿಡ್ಡ, ದನಗಳು ಕೊಟ್ಟಿಗೆಯಲ್ಲಿ, ಯಂತ್ರದ ಸುರುಳಿ ನೆಲಕ್ಕೆ ಹತ್ತಿರ ಹೋಗುತ್ತದೆ. ಆದರೆ ಮಣ್ಣಿನ ತಾಪ 5–6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದನ್ನೇ ಬಹುತೇಕ ನಿಲ್ಲಿಸುತ್ತದೆ. ಆಗ ಕೊಯ್ದ ಹೆಂಟೆ ಸಾಯುವುದಿಲ್ಲ, ಕೂಡಿಕೊಳ್ಳುವುದೂ ಇಲ್ಲ. ವಸಂತದ ತನಕ ಸಡಿಲವಾಗಿ ಕೂತಿರುತ್ತದೆ. ಹಿಮಗಟ್ಟಿ ಕರಗುವ ರಾತ್ರಿಗಳಲ್ಲಿ ಮಣ್ಣು ಉಬ್ಬಿ ಅದನ್ನು ಮೇಲಕ್ಕೆತ್ತುತ್ತದೆ, ಹುಳು ಹುಡುಕುವ ಕಾಗೆ ಅದನ್ನು ಕಿತ್ತು ಮಗುಚುತ್ತದೆ. ನೀರು ನಿಂತ ಜೇಡಿಮಣ್ಣಿನಲ್ಲಿ ಇನ್ನೊಂದು ತೊಂದರೆ ಇದೆ. ಸನಿಕೆ ಗುಂಡಿಯ ಗೋಡೆಯನ್ನು ಸವರಿ ನಯವಾಗಿಸುತ್ತದೆ, ಆ ನಯ ಮೇಲ್ಮೈಯನ್ನು ಬೇರು ದಾಟಲಾರದು, ಒಣಗಿದಾಗ ಸುತ್ತಲೂ ಬಿರುಕು ಬಿಡುತ್ತದೆ. ಒದ್ದೆ ನೆಲದಲ್ಲಿ ಓಡಾಟವೇ ಗುಂಡಿಗಿಂತ ದೊಡ್ಡ ಹಾನಿ. ಬೂಟಿನ ಒತ್ತಡಕ್ಕೆ ಮಣ್ಣಿನ ಗಾಳಿಗಂಡಿಗಳು ಮುಚ್ಚಿಹೋಗುತ್ತವೆ. ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಎಲೆಯ ಕೋಶಗಳು ಒಡೆದು ಹೆಜ್ಜೆಯ ಗುರುತುಗಳು ಕಂದಾಗಿ ಉಳಿಯುತ್ತವೆ. ಚಳಿಗಾಲದಲ್ಲಿ ಹುಲ್ಲಿಗಿಂತ ಮೆಕ್ಕೆಜೋಳ ಕೊಯ್ದು ಬಿಟ್ಟ ಕೂಳೆ ಹೊಲವೇ ಮೇಲು. ಹುಲ್ಲಿನ ಮೇಲೆ ಹೋಗಲೇಬೇಕಾದರೆ ನೀರು ಬಸಿದುಹೋಗುವ ಮರಳುಮಿಶ್ರಿತ ಏರು ನೆಲವನ್ನು, ಹಿಮ ಕರಗಿದ ಮಧ್ಯಾಹ್ನವನ್ನು ಆರಿಸಿಕೊಳ್ಳಬೇಕು.

ವಸಂತದಲ್ಲಿ ಹುಲ್ಲು ಚಿಗುರುತ್ತದೆ, ಗಾಯ ಬಲು ಬೇಗ ಮಾಯುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ ನೆಲ ಬೆಚ್ಚಗಾಗಿ ತೇವವೂ ಇರುವುದರಿಂದ ಸಣ್ಣ ಹುಲ್ಲುಹಾಸುಗಳಿಗೆ ಇದು ಶರತ್ಕಾಲದಷ್ಟೇ ಒಳ್ಳೆಯ ಸಮಯ. ಮೇವಿನ ಗದ್ದೆಗಳಲ್ಲಿ ಮಾತ್ರ ಬೇರೆ ಕಾರಣಗಳು ಅಡ್ಡ ಬರುತ್ತವೆ. ಕುರಿಗಳು ಮರಿ ಹಾಕುವ ಕಾಲ ಇದು. ಅಪರಿಚಿತರ ಓಡಾಟಕ್ಕೆ ತಾಯಿಕುರಿ ಬೆದರಿ ಮರಿಯಿಂದ ದೂರವಾಗುತ್ತದೆ. ಲ್ಯಾಪ್‌ವಿಂಗ್ ಮತ್ತು ಸ್ಕೈಲಾರ್ಕ್ ಹಕ್ಕಿಗಳು ಬಯಲಿನ ನೆಲದ ಮೇಲೆಯೇ ಗೂಡು ಮಾಡಿ ಮೊಟ್ಟೆ ಇಡುತ್ತವೆ. ಬಳಕೆಯಲ್ಲಿರುವ ಗೂಡಿಗೆ ಬೇಕೆಂದೇ ಹಾನಿ ಮಾಡುವುದನ್ನು 1981ರ ವನ್ಯಜೀವಿ ಕಾಯ್ದೆ ನಿಷೇಧಿಸುತ್ತದೆ. ಏಪ್ರಿಲ್ ದಾಟಿದ ಮೇಲೆ ಸೈಲೇಜ್ ಎಂಬ ರಸಮೇವಿಗಾಗಿ, ಒಣಮೇವಿಗಾಗಿ ಬಿಟ್ಟ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತದೆ. ಅದು ರೈತನ ಬೆಳೆ. ಅದರಲ್ಲಿ ನಡೆದಾಡಿ ಮಲಗಿಸಿದ ಹುಲ್ಲನ್ನು ಯಂತ್ರ ಸರಿಯಾಗಿ ಕೊಯ್ಯಲಾರದು. ಹೂವಿನ ಹುಲ್ಲುಗಾವಲುಗಳಲ್ಲಿ ಗಿಡಗಳು ಬೀಜ ಉದುರಿಸುವ ತನಕ, ಅಂದರೆ ಜುಲೈವರೆಗೆ, ಕಾಯುವುದೇ ಸರಿ.

ಬೇಸಿಗೆಯಲ್ಲಿ ದಿನ ಉದ್ದ, ರಜೆ ಹೆಚ್ಚು, ಉತ್ಸಾಹವೂ ಹೆಚ್ಚು. ಹುಲ್ಲಿಗೆ ಹೆಚ್ಚು ಹಾನಿಯಾಗುವುದೂ ಈಗಲೇ. ಮಳೆ ಕೈಕೊಟ್ಟಾಗ ಬ್ರಿಟನ್ನಿನ ಹುಲ್ಲು ಎಲೆಗಳನ್ನು ಒಣಗಿಸಿಕೊಂಡು ಬುಡದಲ್ಲಿ ಮಾತ್ರ ಜೀವ ಹಿಡಿದು ಸುಪ್ತವಾಗುತ್ತದೆ. ಮೇಲಿಂದ ಸತ್ತಂತೆ ಕಂಡರೂ ಮಳೆ ಬಿದ್ದರೆ ಚಿಗುರುತ್ತದೆ. ಆ ಸ್ಥಿತಿಯಲ್ಲಿ ಬೇರು ಕತ್ತರಿಸಿದರೆ ಉಳಿದ ಅಲ್ಪ ತೇವದ ದಾರಿಯೂ ಮುಚ್ಚಿ ಬುಡವೇ ಸಾಯುತ್ತದೆ. ಗಟ್ಟಿ ನೆಲದಲ್ಲಿ ಹೆಂಟೆ ಇಡಿಯಾಗಿ ಏಳುವುದಿಲ್ಲ, ಪುಡಿಯಾಗಿ ಬೇರು ಬತ್ತಲೆಯಾಗುತ್ತದೆ. ಆದ್ದರಿಂದ ಬರಗಾಲದ ವಾರಗಳಲ್ಲಿ ಹುಲ್ಲಿನ ಮೇಲೆ ಅಗೆತ ನಿಲ್ಲಿಸಬೇಕು. ಹುಡುಕಾಟ ನಿಲ್ಲಿಸಬೇಕಿಲ್ಲ: ಜುಲೈ–ಆಗಸ್ಟ್‌ನಲ್ಲಿ ಗೋಧಿ, ಬಾರ್ಲಿ ಕೊಯ್ಲಾಗಿ ಕೂಳೆ ಹೊಲಗಳು ತೆರೆದುಕೊಳ್ಳುತ್ತವೆ, ಮುಂದಿನ ಬಿತ್ತನೆಯವರೆಗೆ ಕೆಲವೇ ವಾರಗಳ ಅವಕಾಶ ಅದು. ಅನುಮತಿ ಇರುವ ಕಡಲತೀರದ ಮರಳೂ ಇದೆ. ಹುಲ್ಲಿನ ನೆಲದಲ್ಲಿ ಈ ಕಾಲದಲ್ಲಿ ಮಾಡಬಹುದಾದ ಅತಿ ಉಪಯುಕ್ತ ಕೆಲಸ ಕಣ್ಣಿನದು. ನೆಲದಡಿ ಹಳೆಯ ಗೋಡೆ, ಹಾದಿ ಇದ್ದರೆ ಅದರ ಮೇಲಿನ ತೆಳು ಮಣ್ಣಿನ ಹುಲ್ಲು ಮೊದಲು ಒಣಗಿ ನಕ್ಷೆಯನ್ನೇ ಬರೆದು ತೋರಿಸುತ್ತದೆ. 2018ರ ಬಿಸಿಲಿನಲ್ಲಿ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಬಂಗಲೆಯ ಹುಲ್ಲುಹಾಸಿನ ಮೇಲೆ 1699ರ ಉದ್ಯಾನದ ವಿನ್ಯಾಸ ಹೀಗೆಯೇ ಮೂಡಿ ಬಂತು. ಒಂದು ಗುಂಡಿಯನ್ನೂ ತೆಗೆಯದೆ ದೊರೆತ ಇಂಥ ಮಾಹಿತಿಯನ್ನು ಬರೆದಿಟ್ಟುಕೊಂಡು ಶರತ್ಕಾಲಕ್ಕೆ ಕಾಯುವುದು ಜಾಣತನ.

ಋತು ಒಪ್ಪಿದ ಮೇಲೆ ಕೈಕೆಲಸದ ಸರದಿ. ಗುಂಡಿ ಚಿಕ್ಕದಾಗುವುದು ಸನಿಕೆಯಿಂದಲ್ಲ, ಗುರಿಯಿಂದ. ಸದ್ದು ಕೇಳಿದ ಜಾಗದ ಮೇಲೆ ಯಂತ್ರವನ್ನು ಒಂದು ದಿಕ್ಕಿನಲ್ಲಿ ಬೀಸಿ, ನಂತರ ಅಡ್ಡಲಾಗಿ ತಿರುಗಿ ಇನ್ನೊಂದು ದಿಕ್ಕಿನಲ್ಲಿ ಬೀಸಬೇಕು. ಎರಡೂ ರೇಖೆ ಕೂಡುವಲ್ಲಿ ವಸ್ತು ಇರುತ್ತದೆ. ಎರಡು ದಿಕ್ಕಿನಲ್ಲೂ ಸದ್ದು ಒಂದೇ ತೆರನಾಗಿದ್ದರೆ ಅದು ದುಂಡಗಿನ ವಸ್ತುವಾಗಿರುವ ಸಾಧ್ಯತೆ ಹೆಚ್ಚು. ಒಂದು ಕಡೆ ಒಡೆದು ಕೇಳಿದರೆ ಮೊಳೆಯಾಗಿರಬಹುದು. ಪಿನ್‌ಪಾಯಿಂಟರ್ ಎಂಬ ಅಂಗೈ ಉದ್ದದ ಶೋಧಕವನ್ನು ಹುಲ್ಲಿನ ಮೇಲಿಟ್ಟಾಗಲೇ ಅದು ಸದ್ದು ಮಾಡಿದರೆ ವಸ್ತು ಕೆಲವೇ ಸೆಂಟಿಮೀಟರ್ ಕೆಳಗಿದೆ ಎಂದರ್ಥ. ಆಗ ಹೆಂಟೆ ಎತ್ತುವ ಅಗತ್ಯವೇ ಇಲ್ಲ. ಕಿರಿದಾದ ಅಲಗಿನಿಂದ ಒಂದು ಸೀಳು ಮಾಡಿ, ಎರಡೂ ಬದಿಗೆ ಸ್ವಲ್ಪ ಅಗಲಿಸಿ, ವಸ್ತುವನ್ನು ತೆಗೆದು, ಬೆರಳಿನಿಂದ ಮುಚ್ಚಿದರೆ ಹುಲ್ಲಿಗೆ ಗೊತ್ತೇ ಆಗುವುದಿಲ್ಲ. ಹುಲ್ಲುಹಾಸಿನಲ್ಲಿ ಇದೊಂದೇ ವಿಧಾನಕ್ಕೆ ಸೀಮಿತವಾಗಿ, ಆಳದ ಸದ್ದುಗಳನ್ನು ಬಿಟ್ಟುಬಿಡುವುದು ಒಳ್ಳೆಯ ನಿಯಮ.

ವಸ್ತು ಇನ್ನೂ ಕೆಳಗಿದ್ದರೆ ಕುದುರೆ ಲಾಳದ ಆಕಾರದಲ್ಲಿ ಮೂರು ಬದಿ ಕೊಯ್ದು ನಾಲ್ಕನೆಯ ಬದಿಯನ್ನು ಹಾಗೇ ಬಿಡಬೇಕು. ಕೊಯ್ತ ನೇರವಾಗಿ ಕೆಳಗಿಳಿಯಬೇಕು, ಕನಿಷ್ಠ 10 ಸೆಂಟಿಮೀಟರ್ ಆಳ ಇರಬೇಕು. ತೆಳುವಾಗಿ ಎತ್ತಿದ ಹೆಂಟೆಯಲ್ಲಿ ಬೇರಿಗೆ ಮಣ್ಣೇ ಇರುವುದಿಲ್ಲ. ಬೇಗ ಒಣಗುವುದು ಅಂಥದ್ದೇ. ಬಿಟ್ಟ ಬದಿಯ ಬೇರುಗಳು ಕೊಯ್ದ ಭಾಗಕ್ಕೆ ನೀರು ಕೊಡುತ್ತಲೇ ಇರುತ್ತವೆ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಕಾಗೆಗೂ ಹೆಂಟೆ ಸುಲಭವಾಗಿ ಕಿತ್ತುಬರುವುದಿಲ್ಲ, ಮತ್ತೆ ಮುಚ್ಚುವಾಗ ದಿಕ್ಕೂ ತಪ್ಪುವುದಿಲ್ಲ. ಹೆಂಟೆಯನ್ನು ಬಿಟ್ಟ ಬದಿಯ ಮೇಲೆ ಮಗುಚಿ, ಒಳಗಿನ ಸಡಿಲ ಮಣ್ಣನ್ನೆಲ್ಲ ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಹಾಕಬೇಕು. ಹುಲ್ಲಿನ ಮೇಲೆ ಸುರಿದ ಮಣ್ಣು ಮತ್ತೆ ಪೂರ್ತಿ ಕೈಗೆ ಬರುವುದಿಲ್ಲ, ಗುಂಡಿ ತಗ್ಗಾಗಿ ಉಳಿಯುತ್ತದೆ; ತಗ್ಗಿನಲ್ಲಿ ಕುರಿಯ ಕಾಲು ಉಳುಕಬಹುದು.

ವಸ್ತು ಸಿಕ್ಕ ಮೇಲೆ ಗುಂಡಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಅದೇ ಜಾಗವನ್ನು ಎರಡನೆಯ ಸಲ ಕೊಯ್ಯುವಂತಾಗಬಾರದು. ನಂತರ ಮಣ್ಣನ್ನು ಬಂದ ಕ್ರಮದಲ್ಲೇ ಹಿಂದಿರುಗಿಸಬೇಕು: ಕೆಳಗಿನ ಮಣ್ಣು ಕೆಳಗೆ, ಮೇಲಿನ ಕಪ್ಪು ಮಣ್ಣು ಮೇಲೆ. ಪ್ರತಿ ಹಂತದಲ್ಲೂ ಬೆರಳಿನಿಂದ ಒತ್ತಬೇಕು. ನಡುವೆ ಗಾಳಿ ಉಳಿದರೆ ಹೊಸ ಬೇರು ಆ ಖಾಲಿಗೆ ಬಂದು ಒಣಗುತ್ತದೆ. ಹೆಂಟೆಯನ್ನು ಕೂರಿಸಿ ಪಾದದಿಂದ ಗಟ್ಟಿಯಾಗಿ ಒತ್ತಿ, ಅಂಚಿನ ಹುಲ್ಲನ್ನು ಬೆರಳಿನಿಂದ ಬಾಚಿ ಸೇರಿಸಿದರೆ ಕೊಯ್ತದ ಗೆರೆ ಮರೆಯಾಗುತ್ತದೆ. ಮಳೆಯ ಸೂಚನೆ ಇಲ್ಲದಿದ್ದರೆ ಬಾಟಲಿಯಲ್ಲಿ ತಂದ ನೀರನ್ನು ಅಲ್ಲೇ ಸುರಿಯಬೇಕು. ಈ ನೀರು ಎಲೆಗೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಮಣ್ಣನ್ನು ಬೇರಿಗೆ ಅಂಟಿಸಲು ಬೇಕು. ಗುಂಡಿ ತೆಗೆಯುವುದಕ್ಕಿಂತ ಮುಚ್ಚುವುದಕ್ಕೆ ಹೆಚ್ಚು ಸಮಯ ಹಿಡಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ತಿಳಿಯಬೇಕು.

ಸಿಕ್ಕ ಕಸವನ್ನು ಮತ್ತೆ ಗುಂಡಿಗೆ ಹಾಕುವುದು, ಬೇಲಿಯ ಬದಿಗೆ ಎಸೆಯುವುದು ಎರಡೂ ತಪ್ಪು. ಮೇವಿನ ಜೊತೆ ಸೇರಿದ ಮೊಳೆ, ತಂತಿಯ ತುಂಡನ್ನು ಹಸು ಆರಿಸಿ ಉಗುಳುವುದಿಲ್ಲ, ನುಂಗುತ್ತದೆ. ಅದು ಎರಡನೆಯ ಜಠರದಲ್ಲಿ ಕೂತು, ಗೋಡೆ ಚುಚ್ಚಿ, ಕೆಲವೊಮ್ಮೆ ಹೃದಯದ ತನಕ ಹೋಗುತ್ತದೆ. ಕರ್ನಾಟಕದ ಪಶುವೈದ್ಯರಿಗೂ ಈ ಕಾಯಿಲೆ ಚಿರಪರಿಚಿತ. ಸೈಲೇಜ್ ಯಂತ್ರ ಚೂರು ಮಾಡಿದ ಅಲ್ಯೂಮಿನಿಯಂ ಡಬ್ಬಿಯೂ ಅಷ್ಟೇ ಅಪಾಯಕಾರಿ. ಹೀಗಾಗಿ ಪ್ರತಿ ಮೊಳೆಯನ್ನೂ ಚೀಲದಲ್ಲಿ ಹೊತ್ತು ಹೊರಗೆ ತರುವವರು ಜಮೀನುದಾರನಿಗೆ ನಿಜವಾದ ಉಪಕಾರ ಮಾಡುತ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಸನಿಕೆ ತೊಳೆಯುವ ಅಭ್ಯಾಸವೂ ಇದಕ್ಕೆ ಸೇರಿದ್ದು. 2001ರ ಕಾಲುಬಾಯಿ ರೋಗ ಬ್ರಿಟನ್ನಿನ ಹಳ್ಳಿಗಾಡನ್ನೇ ಮುಚ್ಚಿಸಿದ ಮೇಲೆ ಕೆಸರು ಹೊತ್ತ ಬೂಟನ್ನು ರೈತರು ಲಘುವಾಗಿ ನೋಡುವುದಿಲ್ಲ.

ಕೆಲವು ಸಲ ಅತ್ಯುತ್ತಮ ನಿರ್ಧಾರ ಅಗೆತ ನಿಲ್ಲಿಸುವುದೇ. ಗುಂಡಿ ಉಳುಮೆಯ ಪದರ ದಾಟಿದರೆ, ಒಂದರ ಹಿಂದೆ ಒಂದು ನಾಣ್ಯ ಬರತೊಡಗಿದರೆ, ಮಡಕೆಯ ಅಂಚು ಕಂಡರೆ ಸನಿಕೆ ಕೆಳಗಿಟ್ಟು ಪುರಾತತ್ವ ಅಧಿಕಾರಿಗೆ ಹೇಳಿ ಕಳಿಸಬೇಕು. 1992ರಲ್ಲಿ ಸಫೋಕ್‌ನ ಹಾಕ್ಸ್‌ನ್‌ನಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆ ಹುಡುಕಲು ಹೋದ ಎರಿಕ್ ಲಾವ್ಸ್‌ಗೆ ರೋಮನ್ ಕಾಲದ ಚಿನ್ನ ಬೆಳ್ಳಿ ಸಿಕ್ಕಿತು. ಆತ ಪೂರ್ತಿ ಅಗೆಯದೆ ವಿಷಯ ಮುಟ್ಟಿಸಿದ್ದರಿಂದ ತಜ್ಞರು ಮರದ ಪೆಟ್ಟಿಗೆಯೊಳಗೆ ವಸ್ತುಗಳನ್ನು ಜೋಡಿಸಿದ್ದ ಕ್ರಮವನ್ನೂ ದಾಖಲಿಸಲು ಸಾಧ್ಯವಾಯಿತು. ಅಲ್ಲಿ ಸುಮಾರು 15,000 ನಾಣ್ಯಗಳಿದ್ದವು. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಮಡಕೆಯೊಂದರ ಮೇಲ್ಭಾಗ ಕಂಡೊಡನೆ ನಿಲ್ಲಿಸಿದ. ಪುರಾತತ್ವಜ್ಞರು 52,503 ನಾಣ್ಯಗಳನ್ನು ಪದರ ಪದರವಾಗಿ ತೆಗೆದಾಗ, ಕೊನೆಯ ಕಾಲದ ನಾಣ್ಯಗಳು ಮೇಲಷ್ಟೇ ಇರದೆ ಕೆಳಗಿನ ಪದರದಲ್ಲೂ ಇರುವುದು ತಿಳಿಯಿತು. ವರ್ಷವರ್ಷವೂ ಕೂಡಿಟ್ಟ ಉಳಿತಾಯವಲ್ಲ, ಒಮ್ಮೆಗೇ ಸುರಿದ ನಾಣ್ಯರಾಶಿ ಎಂಬ ತೀರ್ಮಾನಕ್ಕೆ ಬರಲು ಅದೇ ಆಧಾರವಾಯಿತು. ಕೈಯಿಂದ ಗೋರಿ ತೆಗೆದಿದ್ದರೆ ನಾಣ್ಯಗಳು ಉಳಿಯುತ್ತಿದ್ದವು, ಈ ತಿಳಿವಳಿಕೆ ಮಾತ್ರ ಶಾಶ್ವತವಾಗಿ ಕಳೆದುಹೋಗುತ್ತಿತ್ತು.

ಬೇರೆ ಹವಾಮಾನಗಳಲ್ಲಿ ಕ್ಯಾಲೆಂಡರ್ ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಹುಲ್ಲುಹಾಸುಗಳಲ್ಲಿ ಹೆಚ್ಚಾಗಿರುವ ಬರ್ಮುಡಾ ಹುಲ್ಲು ಸೆಕೆಯಲ್ಲಿ ಹಿಗ್ಗಿ ಬೆಳೆಯುತ್ತದೆ, ಚಳಿಗೆ ಕಂದಾಗಿ ಮಲಗುತ್ತದೆ. ಅಲ್ಲಿ ಗಾಯ ಮಾಯುವುದು ಬೇಸಿಗೆಯ ಮೊದಲ ತಿಂಗಳುಗಳಲ್ಲಿ, ನೀರು ಕೊಟ್ಟರೆ ಮಾತ್ರ. ಈ ಬರ್ಮುಡಾ ಹುಲ್ಲು ಕನ್ನಡಿಗರಿಗೆ ಹೊಸದಲ್ಲ. ಗಣಪತಿಗೆ ಏರಿಸುವ ಗರಿಕೆಯೇ ಅದು. ನೆಲದ ಮೇಲೆ ಹರಿಯುವ ಕಾಂಡ, ನೆಲದಡಿ ಹರಿಯುವ ಕಾಂಡ ಎರಡೂ ಇರುವುದರಿಂದ ಮಳೆಗಾಲದಲ್ಲಿ ಅದು ಬರಿದು ಜಾಗವನ್ನು ನಾಲ್ಕೂ ಕಡೆಯಿಂದ ತುಂಬುತ್ತದೆ. ರೈಗ್ರಾಸ್‌ಗೆ ತಿಂಗಳುಗಳು ಹಿಡಿಯುವ ಚೇತರಿಕೆ ಗರಿಕೆಗೆ ವಾರಗಳಲ್ಲಿ ಸಾಧ್ಯ. ಹುಡುಕುವ ಮೊದಲು ಕಾಲಡಿಯ ಹುಲ್ಲು ಯಾವ ಜಾತಿಯದು, ಅದು ಯಾವ ಕಾಲದಲ್ಲಿ ಎಚ್ಚರವಾಗಿರುತ್ತದೆ ಎಂದು ತಿಳಿದುಕೊಳ್ಳುವುದು ಯಾವ ದೇಶದಲ್ಲಾದರೂ ಮೊದಲ ಪಾಠ.

ಬ್ರಿಟನ್ನಿನ ಈ ಪದ್ಧತಿಯನ್ನು ಓದಿ ಕರ್ನಾಟಕದಲ್ಲೂ ಹೀಗೆ ಹುಡುಕಬಹುದೇ ಎಂದು ಕೇಳುವವರಿದ್ದಾರೆ. ಇಲ್ಲಿನ ಕಾನೂನಿನ ಚೌಕಟ್ಟು ಬೇರೆ. 1878ರ ಭಾರತೀಯ ನಿಧಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ: ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿ ಮೀರಿದ ಬೆಲೆಯ ಯಾವುದೇ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಪ್ರದೇಶಗಳಲ್ಲಿ ಅಗೆತಕ್ಕೆ 1958ರ ಕೇಂದ್ರ ಕಾಯ್ದೆಯ ನಿರ್ಬಂಧಗಳಿವೆ. ನಿಧಿಗಳ್ಳರು ದೇಗುಲದ ಗರ್ಭಗುಡಿ, ವೀರಗಲ್ಲುಗಳ ಬುಡ ಅಗೆದು ಹಾಳುಮಾಡಿದ ಸುದ್ದಿಗಳನ್ನು ಓದುತ್ತಲೇ ಬಂದಿರುವ ನಾಡಿನಲ್ಲಿ ಯಂತ್ರ ಹಿಡಿದು ಹೊಲಕ್ಕಿಳಿಯುವುದು ಹವ್ಯಾಸವಾಗಿ ಕಾಣುವುದೂ ಕಷ್ಟ, ಆಗಬೇಕೆಂದೂ ಇಲ್ಲ. ಕಳೆದುಹೋದ ಮನೆಯ ಉಂಗುರವನ್ನು ಸ್ವಂತ ತೋಟದ ಗರಿಕೆಯಲ್ಲಿ ಹುಡುಕುವುದಕ್ಕೆ ಮಾತ್ರ ಮೇಲಿನ ಕ್ರಮವೆಲ್ಲ ಹಾಗೇ ಅನ್ವಯಿಸುತ್ತದೆ.

ಒಟ್ಟಿನಲ್ಲಿ ಹುಲ್ಲಿನ ಮೇಲಿನ ಶೋಧ ಒಂದು ಕ್ರಮದಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳ ಸಾಲು. ಒಡೆಯನ ಅನುಮತಿ ಇದೆಯೇ, ಈ ನೆಲಕ್ಕೆ ಕಾನೂನಿನ ರಕ್ಷಣೆ ಇದೆಯೇ ಎಂಬುದು ಮೊದಲು. ಹುಲ್ಲು ಈಗ ಬೆಳೆಯುತ್ತಿದೆಯೇ, ಮಣ್ಣು ಹದವಾಗಿದೆಯೇ, ಕುರಿಮರಿ, ಗೂಡು, ಬೆಳೆ ಅಡ್ಡ ಇವೆಯೇ ಎಂಬುದು ನಂತರ. ಸದ್ದು ಒಂದು ಗಾಯಕ್ಕೆ ತಕ್ಕದ್ದೇ, ಸೀಳು ಸಾಕೇ, ಹೆಂಟೆ ಎತ್ತಬೇಕೇ ಎಂಬುದು ಕೊನೆಗೆ. ಹೆಚ್ಚಿನವರು ಈ ಸಾಲನ್ನು ಹಿಂದುಮುಂದಾಗಿ ಕೇಳುತ್ತಾರೆ. ಸದ್ದು ಕೇಳಿದ ಮೇಲೆ ಋತುವನ್ನು ನೆನೆಯುತ್ತಾರೆ. ಕ್ರಮ ತಪ್ಪದಿದ್ದರೆ ವರ್ಷದ ಬಹುಪಾಲು ತಿಂಗಳು ಹುಡುಕಾಟಕ್ಕೆ ಒಂದಲ್ಲ ಒಂದು ಯೋಗ್ಯ ನೆಲ ಇದ್ದೇ ಇರುತ್ತದೆ: ಬೇಸಿಗೆಯ ಕೊನೆಗೆ ಕೂಳೆ ಹೊಲ, ಶರತ್ಕಾಲದಲ್ಲಿ ಹುಲ್ಲುಗಾವಲು, ಚಳಿಯಲ್ಲಿ ಮತ್ತೆ ಕೂಳೆ, ವಸಂತದ ಆರಂಭದಲ್ಲಿ ಹುಲ್ಲುಹಾಸು. ಯಾವ ಪ್ರಶ್ನೆಯ ಉತ್ತರವಾದರೂ ಅಗೆತಕ್ಕೆ ಅಡ್ಡ ಬಂದರೆ ಆ ಜಾಗವನ್ನು ಗುರುತು ಹಾಕಿಕೊಂಡು ಅದರ ಕಾಲ ಬರುವವರೆಗೆ ಬಿಡಬೇಕು.